ನೀನು ಅರ್ಧ ಕ್ರೈಸ್ತಳಲ್ಲ

ಪ್ರೀತಿಯ ಮಗಳೇ,

ಲೋಕ ಆರೇ ದಿನದಲ್ಲಿ ಸೃಷ್ಟಿಯಾಯಿತು ಅಂತ ನಂಬದವರು ಅರ್ಧ ಕ್ರೈಸ್ತರು ಅಂತ ನಿನ್ನ ಗೆಳತಿ ಹೇಳಿದಳು ಎಂದು ಬರೆದಿದ್ದೀಯ. "ಲಿಬರಲ್ ಕ್ರೈಸ್ತರು ಅಂದ್ರೆ ಕಡಿಮೆ ನಂಬುವವರಾ ಅಮ್ಮ?" ಅಂತ ಕೇಳಿದ್ದೀಯ.

ಅಲ್ಲ ಪುಟ್ಟಿ. ವಿಜ್ಞಾನ, ಇತಿಹಾಸ ತಿಳಿಸಿದ್ದನ್ನೂ ಮನಸ್ಸಿನಲ್ಲಿಟ್ಟು ಬೈಬಲ್ ಓದುವ ನಮ್ಮಂಥವರನ್ನು ಲಿಬರಲ್ ಕ್ರೈಸ್ತರು ಅನ್ನುತ್ತಾರೆ. ನಾವು ಹಿಂಬಾಲಿಸುವುದು ಅದೇ ಯೇಸುವನ್ನು. ತಿಳಿದ ವಿಷಯವನ್ನು ತಿಳಿದೇ ಇಲ್ಲ ಅನ್ನುವ ಹಾಗೆ ದೇವರ ಮುಂದೆ ನಟಿಸುವುದಿಲ್ಲ, ಅಷ್ಟೇ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೊದಲ ಎರಡು ಅಧ್ಯಾಯ ತೆಗೆದು ನಿಧಾನವಾಗಿ ಓದು. ಮೊದಲನೆಯದರಲ್ಲಿ ಪ್ರಾಣಿಗಳು ಮೊದಲು, ಆಮೇಲೆ ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ. ಎರಡನೆಯದರಲ್ಲಿ ಮೊದಲು ಗಂಡು, ಆಮೇಲೆ ಪ್ರಾಣಿಗಳು, ಕೊನೆಗೆ ಹೆಣ್ಣು. ಎರಡನ್ನೂ ಒಂದೇ ಗ್ರಂಥದಲ್ಲಿ ಸೇರಿಸಿದವರಿಗೆ ಇದು ಕಂಡೇ ಇರುತ್ತದೆ. ಆದರೂ ಎರಡನ್ನೂ ಉಳಿಸಿಕೊಂಡರು. ಎಲ್ಲವೂ ದೇವರಿಂದಲೇ ಬಂತು, ಮನುಷ್ಯನನ್ನು ದೇವರೇ ಕೈಯಾರೆ ಮಾಡಿದ ಅಂತ ಹೇಳುವುದು ಅವರಿಗೆ ಮುಖ್ಯವಾಗಿತ್ತು ಅಂತ ನನಗನ್ನಿಸುತ್ತದೆ. ಭೂಮಿಗೆ ಸುಮಾರು 450 ಕೋಟಿ ವರ್ಷ ಅಂತ ವಿಜ್ಞಾನ ಹೇಳಿದರೆ ಆ ಮಾತು ಸುಳ್ಳಾಗುತ್ತದಾ?

ನಿನ್ನ ಗೆಳತಿ ಮುಂದೆ ಇನ್ನೊಂದು ಮಾತೂ ಹೇಳಬಹುದು: "ನೀವು ಬೇಕಾದ ವಚನ ಇಟ್ಟುಕೊಂಡು ಬೇಡದ್ದನ್ನು ಬಿಡುತ್ತೀರಿ." ಈ ಆರೋಪವನ್ನು ಹಗುರವಾಗಿ ತಗೋಬೇಡ. ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು ಅಂತಿದೆ. ಅದೇ ಪತ್ರದ 11ನೇ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥನೆ ಮಾಡುವಾಗ, ಪ್ರವಾದಿಸುವಾಗ (ದೇವರ ಮಾತು ಸಾರುವಾಗ) ತಲೆಗೆ ಮುಸುಕು ಹಾಕಿಕೊಳ್ಳಬೇಕು ಅಂತಿದೆ. ಬಾಯಿಯೇ ತೆರೆಯಬಾರದು ಅಂದಮೇಲೆ ಪ್ರವಾದಿಸುವುದು ಹೇಗೆ? ಓದುವವರು ಯಾರೇ ಆಗಲಿ, ಯಾವ ಮಾತಿಗೆ ಜಾಸ್ತಿ ತೂಕ ಅಂತ ತೀರ್ಮಾನಿಸಲೇಬೇಕು. 19ನೇ ಶತಮಾನದ ಅಮೆರಿಕದಲ್ಲಿ "ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ" ಅನ್ನುವ ಎಫೆಸ ಪತ್ರದ ಮಾತು ಹಿಡಿದು ಗುಲಾಮಗಿರಿ ಸರಿ ಅಂತ ಪ್ರಸಂಗ ಮಾಡಿದ ಸಭಾಪಾಲಕರಿದ್ದರು. ಅವರೂ ಸತ್ಯವೇದವನ್ನೇ ಓದುತ್ತಿದ್ದರು. ಕ್ರಿಸ್ತನಲ್ಲಿ ದಾಸನೂ ಇಲ್ಲ, ಸ್ವತಂತ್ರನೂ ಇಲ್ಲ ಅನ್ನುವ ಗಲಾತ್ಯ ಪತ್ರದ ಮಾತು ಹಿಡಿದವರು ಎದುರು ನಿಂತರು.

ಹಾಗಾದರೆ ಯಾವ ಅಳತೆಯಲ್ಲಿ ತೂಗುವುದು? ಅದನ್ನು ಯೇಸುವೇ ಕೊಟ್ಟಿದ್ದಾನೆ. ದೇವರನ್ನು ಪ್ರೀತಿಸು, ನಿನ್ನಂತೆಯೇ ನೆರೆಯವನನ್ನು ಪ್ರೀತಿಸು, ಎಲ್ಲಾ ಧರ್ಮಶಾಸ್ತ್ರಕ್ಕೂ ಪ್ರವಾದಿಗಳಿಗೂ ಇವೇ ಆಧಾರ ಅಂದ. ಮತ್ತಾಯ 22ರಲ್ಲಿದೆ. ಹೆಂಗಸರು ಪಾದ್ರಿಗಳಾಗಿ ಬಲಿಪೀಠದ ಮುಂದೆ ನಿಲ್ಲಬಹುದು ಅಂತಲೂ, ಸಲಿಂಗಿಗಳನ್ನು ಸಭೆಯಿಂದ ದೂರ ಮಾಡಬಾರದು ಅಂತಲೂ ನಾನು ನಂಬುವುದು ಈ ಮಾತಿನ ಬಲದ ಮೇಲೆ. ಕಾಲ ಬದಲಾಯಿತು ಅಂತ ಅಲ್ಲ.

ವಾಲ್ಟರ್ ರೌಶೆನ್‌ಬುಷ್ ಅಂತ ಒಬ್ಬ ಬ್ಯಾಪ್ಟಿಸ್ಟ್ ಪಾಸ್ಟರ್ ಇದ್ದರು. 1886ರಲ್ಲಿ ನ್ಯೂಯಾರ್ಕಿನ ಬಡವರ ಕೇರಿಯೊಂದರ ಸಭೆಗೆ ಬಂದರು. ಅಲ್ಲಿ ಅವರು ಮಣ್ಣು ಮಾಡಿದ್ದು ಎಷ್ಟೋ ಎಳೆಮಕ್ಕಳನ್ನು. ಸ್ವರ್ಗದಲ್ಲಿ ಮಗು ಸುಖವಾಗಿದೆ ಅಂತ ತಾಯಿಗೆ ಸಮಾಧಾನ ಹೇಳಿದರೆ ಸಾಕಾ? ಹಸಿವು, ಕಾಯಿಲೆ, ಇಕ್ಕಟ್ಟಿನ ಮನೆ, ಸಾಕಾಗದ ಕೂಲಿ, ಇವೆಲ್ಲ ಪಾಪವಲ್ಲದೆ ಇನ್ನೇನು? ಪಾಪ ಅಂದರೆ ಒಬ್ಬೊಬ್ಬರ ಮನಸ್ಸಿನೊಳಗಿನದು ಮಾತ್ರವಲ್ಲ, ಸಮಾಜದ ಕಟ್ಟಡದಲ್ಲೇ ಸೇರಿಕೊಂಡಿರುತ್ತದೆ ಅಂತ ಅವರು ವಾದಿಸಿದರು. ಅವರ 1907ರ ಪುಸ್ತಕವನ್ನು ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಓದಿ ಪ್ರಭಾವಿತರಾದರು. ಲಿಬರಲ್ ಕ್ರೈಸ್ತ ನಂಬಿಕೆ ಅಂದಾಗಲೆಲ್ಲ ನನಗೆ ನೆನಪಾಗುವುದು ಆ ಮಕ್ಕಳ ಶವಪೆಟ್ಟಿಗೆಗಳು.

ನಮ್ಮವರೂ ಜಾರಿದ್ದಾರೆ. ಅದೂ ನಿನಗೆ ಗೊತ್ತಿರಲಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿಯ 93 ಮಂದಿ ವಿದ್ವಾಂಸರು ತಮ್ಮ ದೇಶದ ಪರ ಒಂದು ಹೇಳಿಕೆಗೆ ಸಹಿ ಹಾಕಿದರು. ಲಿಬರಲ್ ದೈವಶಾಸ್ತ್ರದ ದೊಡ್ಡ ಹೆಸರಾದ ಅಡಾಲ್ಫ್ ಫಾನ್ ಹಾರ್ನಾಕ್ ಅವರಲ್ಲೊಬ್ಬರು. ಅವರ ಶಿಷ್ಯ ಕಾರ್ಲ್ ಬಾರ್ತ್‌ಗೆ ಅದನ್ನು ನೋಡಿ ಆಘಾತವಾಯಿತು. ಗುರುಗಳ ದೇವರು ಸರ್ಕಾರ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ದೇವರಾಗಿಬಿಟ್ಟನಲ್ಲ! ನನಗೆ ಬಾರ್ತ್ ಅವರ ಎಲ್ಲಾ ಉತ್ತರಗಳೂ ಒಪ್ಪಿಗೆಯಿಲ್ಲ. ಆದರೆ ಆ ಕೋಪ ನ್ಯಾಯವಾದದ್ದು. ನಮ್ಮ ಕಾಲದ ಜನ ಒಪ್ಪುವುದನ್ನೇ ಯೇಸುವಿನ ಬಾಯಲ್ಲಿ ಹೇಳಿಸುವ ಆಸೆ ನಮಗೆ ಯಾವಾಗಲೂ ಇರುತ್ತದೆ. ಎಚ್ಚರ ಬೇಕು.

ಪುನರುತ್ಥಾನದ, ಅಂದರೆ ಯೇಸು ಸತ್ತು ಮತ್ತೆ ಎದ್ದುಬಂದದ್ದರ ಬಗ್ಗೆ ಲಿಬರಲ್ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಕೆಲವರು ಸಮಾಧಿ ನಿಜವಾಗಿಯೂ ಬರಿದಾಗಿತ್ತು ಅನ್ನುತ್ತಾರೆ. ಕೆಲವರು ಅದು ಶಿಷ್ಯರಿಗಾದ ಅನುಭವ ಅನ್ನುತ್ತಾರೆ. ನಾನು? ಯೇಸು ಬದುಕಿದ್ದಾನೆ ಅಂತ ನಂಬುತ್ತೇನೆ, ಅವನೊಡನೆ ಪ್ರಾರ್ಥನೆಯಲ್ಲಿ ಮಾತಾಡುತ್ತೇನೆ. ಆ ಬೆಳಿಗ್ಗೆ ಸಮಾಧಿಯಲ್ಲಿ ಏನಾಯಿತು ಅಂತ ವಿವರಿಸಲು ನನಗೆ ಬರುವುದಿಲ್ಲ. ಬೇರೆ ಧರ್ಮದವರು ನರಕಕ್ಕೆ ಹೋಗುತ್ತಾರೆ ಅಂತ ಮಾತ್ರ ನಾನು ಯಾವತ್ತೂ ನಿನಗೆ ಕಲಿಸುವುದಿಲ್ಲ.

ಗೆಳತಿಯ ಸ್ನೇಹ ಬಿಡಬೇಡ. ಅವಳ ನಂಬಿಕೆಯನ್ನು ಕೀಳಾಗಿ ಕಾಣಲೂಬೇಡ. ಅವಳಷ್ಟೇ ಶ್ರದ್ಧೆಯಿಂದ ನೀನೂ ಓದು, ಪ್ರಾರ್ಥಿಸು. ಸಾಧ್ಯವಾದರೆ ಇಬ್ಬರೂ ಕೂತು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಓದಿ. ಬರೀ ಹೆಸರುಗಳು ಅಂತ ಜಾಸ್ತಿ ಜನ ಅದನ್ನು ದಾಟಿಕೊಂಡು ಹೋಗುತ್ತಾರೆ. ಮೊದಲ ಹೆಸರೇ ಫೊಯಿಬೆ ಅನ್ನುವ ಹೆಂಗಸಿನದು. ಸಭೆಯಲ್ಲಿ ಅವಳ ಕೆಲಸ ಏನು ಅಂತ ಪೌಲ ಬರೆದಿದ್ದಾನೆ, ನೋಡಿ. ನಿನ್ನ ಗೆಳತಿ ಏನಂದಳು ಅಂತ ನನಗೆ ಬರೆ.

ನಿನ್ನ ಅಮ್ಮ