ಶುಕ್ರವಾರದ ವಿಆರ್ ವಿನ್ಯಾಸ ಪರಿಶೀಲನೆ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ಹೊಸ ಕಟ್ಟಡದ ವಿನ್ಯಾಸ ಪರಿಶೀಲನೆಯನ್ನು ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ಸೃಷ್ಟಿಸಿದ ಮೂರು ಆಯಾಮದ ದೃಶ್ಯದೊಳಗೇ ಇರುವ ಅನುಭವ) ಹೆಡ್‌ಸೆಟ್ ಧರಿಸಿ ನಡೆಸಲಿದ್ದೇವೆ. ಎಲ್ಲ ವಿಭಾಗಗಳ ಪರಿಶೀಲಕರೂ ದಯವಿಟ್ಟು ಹಾಜರಿರಬೇಕು.

ಪ್ಲ್ಯಾನ್ (ಮೇಲಿನಿಂದ ಕಾಣುವ ನಕ್ಷೆ), ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ನಕ್ಷೆ)ಗಳನ್ನು ನೋಡಿ ಮನಸ್ಸಿನಲ್ಲೇ ಮೂರು ಆಯಾಮದ ಚಿತ್ರ ಕಟ್ಟಿಕೊಳ್ಳುವ ಶ್ರಮವನ್ನು ವಿಆರ್ ತಗ್ಗಿಸುತ್ತದೆ. ಮೆಟ್ಟಿಲ ಮೇಲಿನ ತೊಲೆ ತಲೆಗೆ ತಾಗುವಷ್ಟು ಕೆಳಗಿದ್ದರೆ ಅಲ್ಲಿ ನಿಂತ ಕೂಡಲೇ ತಿಳಿಯುತ್ತದೆ. ಆದರೆ ಕಂಟ್ರೋಲರ್ ಬಳಸುವುದು, ದಿಕ್ಕು ತಪ್ಪದಂತೆ ಓಡಾಡುವುದು, ಕಂಡ ದೋಷವನ್ನು ಬರೆದುಕೊಳ್ಳಲಾಗದೆ ನೆನಪಿನಲ್ಲೇ ಇಟ್ಟುಕೊಳ್ಳುವುದು ಇವೆಲ್ಲ ಮನಸ್ಸಿನ ಮೇಲೆ ಬೇರೊಂದು ಹೊರೆಯನ್ನು ಹೇರುತ್ತವೆ. ನನ್ನ ಅಭಿಪ್ರಾಯದಲ್ಲಿ ಈ ನೆನಪಿನ ಹೊರೆಯೇ ಹೆಚ್ಚು ಚಿಂತೆಯ ವಿಷಯ, ಏಕೆಂದರೆ ದಣಿದವರು ದೋಷವನ್ನು ಕಂಡೂ ಹೇಳಲು ಮರೆಯಬಹುದು. ಆದ್ದರಿಂದ ಇಬ್ಬಿಬ್ಬರು ಜೊತೆಯಾಗಿ ಕೆಲಸ ಮಾಡೋಣ: ಒಬ್ಬರು ಹೆಡ್‌ಸೆಟ್ ಧರಿಸಿ ಕಂಡದ್ದನ್ನು ಗಟ್ಟಿಯಾಗಿ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ, 15 ನಿಮಿಷಕ್ಕೊಮ್ಮೆ ಅದಲುಬದಲಾಗಲಿ.

ಪರಿಶೀಲನೆ ಮುಗಿದ ತಕ್ಷಣ, ಪರಸ್ಪರ ಚರ್ಚಿಸುವ ಮೊದಲೇ, ಸಾಂಡ್ರಾ ಹಾರ್ಟ್ ಮತ್ತು ಲೋವೆಲ್ ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ, ಕೆಲಸದ ಹೊರೆ ಎಷ್ಟೆನಿಸಿತು ಎಂಬುದನ್ನು ಅಳೆಯುವ ನಾಸಾ-ಟಿಎಲ್‌ಎಕ್ಸ್ ನಮೂನೆಯನ್ನು ತುಂಬಿಕೊಡಬೇಕು. ಮಾನಸಿಕ ಬೇಡಿಕೆ, ದೈಹಿಕ ಬೇಡಿಕೆ, ಸಮಯದ ಒತ್ತಡ, ಸಾಧನೆ, ಶ್ರಮ, ಹತಾಶೆ ಎಂಬ 6 ಅಂಶಗಳು ಅದರಲ್ಲಿವೆ. ಸಾಧನೆಯ ಸಾಲಿನಲ್ಲಿ ಮಾತ್ರ ಎಡತುದಿ ಎಂದರೆ ಪೂರ್ಣ ಯಶಸ್ಸು, ಬಲತುದಿ ಎಂದರೆ ವೈಫಲ್ಯ. ಅವಸರದಲ್ಲಿ ತಿರುವುಮುರುವಾಗಿ ಗುರುತು ಹಾಕಬೇಡಿ.

ಕಣ್ಣಿಗೆ ಚಲನೆ ಕಂಡರೂ ಒಳಕಿವಿಗೆ ಅದು ತಿಳಿಯದಿರುವುದರಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುವುದುಂಟು. ಪ್ರಯಾಣದಲ್ಲಿ ವಾಂತಿ, ಮೈಗ್ರೇನ್ ಅಥವಾ ಅಪಸ್ಮಾರದ ತೊಂದರೆ ಇರುವವರು ನನಗೆ ಖಾಸಗಿಯಾಗಿ ತಿಳಿಸಿದರೆ ಮಾನಿಟರ್‌ನಲ್ಲೇ ಮಾದರಿ ನೋಡುವ ವ್ಯವಸ್ಥೆ ಮಾಡುತ್ತೇನೆ. ಉಳಿದವರು ಬುಧವಾರ ಸಂಜೆಯೊಳಗೆ ಹಾಜರಾತಿಯನ್ನೂ ಜೊತೆಗಾರರ ಹೆಸರನ್ನೂ ಇಲ್ಲೇ ತಿಳಿಸಬೇಕಾಗಿ ವಿನಂತಿ.