ಆಕ್ಸಲ್ ಬಿಚ್ಚುವ ಮೊದಲು ಚಕ್ರ ಅಲ್ಲಾಡಿಸಿ ನೋಡಿ

ಮಾನ್ಯ ಸಂಪಾದಕರೇ,

ಹಳೆ ಪಿಕಪ್‌ಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಇಲ್ಲಿ ಮಿಷಿಗನ್‌ನಲ್ಲಿ ಕೂತು ಓದಿದೆ. ಚೆನ್ನಾಗಿತ್ತು. ಆದರೆ ಹಳೆ ಫೋರ್ಡ್ ಎಫ್-100 ಕೊಂಡವರು ಮೊದಲು ಮುಂದಿನ ಸಸ್ಪೆನ್ಷನ್ (ಸ್ಪ್ರಿಂಗ್, ಆಕ್ಸಲ್ ಎಲ್ಲ) ಕಿತ್ತುಹಾಕಬೇಕು ಅನ್ನುವ ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ನನ್ನ ಹತ್ತಿರ 1956ರ ಎಫ್-100 ಇದೆ. ಮುಂದೆ ಅಡ್ಡಕ್ಕೆ ಒಂದೇ ಐ-ಬೀಮ್ ಆಕ್ಸಲ್ (I ಆಕಾರದ ಉಕ್ಕಿನ ತೊಲೆ), ಎರಡೂ ಕಡೆ ಪ್ಲೇಟ್ ಸ್ಪ್ರಿಂಗ್, ತುದಿಗಳಲ್ಲಿ ಚಕ್ರ ಎಡಬಲಕ್ಕೆ ತಿರುಗಲು ಕಿಂಗ್ ಪಿನ್ ಎಂಬ ದಪ್ಪ ಕೀಲು. ನಮ್ಮೂರ ಲಾರಿಗಳ ಮುಂಭಾಗ ಇವತ್ತಿಗೂ ಹೆಚ್ಚು ಕಡಿಮೆ ಹೀಗೇ ಅಲ್ವಾ? ತಂದ ಹೊಸದರಲ್ಲಿ 40 ಮೈಲಿ ವೇಗ ದಾಟಿದರೆ ಗಾಡಿ ಕುಡಿದವನ ಹಾಗೆ ಓಲಾಡುತ್ತಿತ್ತು. ಇಲ್ಲಿನ ಒಂದು ವರ್ಕ್‌ಶಾಪ್‌ನವರು ಜಾಕ್ ಕೂಡ ಏರಿಸಲಿಲ್ಲ. ನಿಂತಲ್ಲೇ, ಇದೆಲ್ಲ ತೆಗೆದು ಮಸ್ಟಾಂಗ್ II ಥರದ ಕಿಟ್ ಕೂರಿಸೋಣ ಎಂದರು. ಮಸ್ಟಾಂಗ್ II ಅಂದರೆ 1974ರ ಮಾದರಿಯಾಗಿ ಬಂದ ಫೋರ್ಡ್ ಕಂಪನಿಯ ಸಣ್ಣ ಕಾರು, ಕಿಟ್ ಅದರ ಮುಂದಿನ ಸಸ್ಪೆನ್ಷನ್ ಮಾದರಿಯದು. ಕಾಯಿಲ್ ಸ್ಪ್ರಿಂಗ್, ರ‍್ಯಾಕ್ ಆಂಡ್ ಪಿನಿಯನ್ (ಹಲ್ಲುಪಟ್ಟಿ-ಹಲ್ಲುಚಕ್ರದ) ಸ್ಟೇರಿಂಗ್. ಮೆತ್ತಗೆ ಓಡುತ್ತದೆ, ಸುಳ್ಳಲ್ಲ. ದಿನಾ ಹೈವೇಯಲ್ಲಿ ಓಡಿಸುವವರು ಹಾಕಿಸಿಕೊಂಡರೆ ನನ್ನ ತಕರಾರಿಲ್ಲ. ಆದರೆ ಫ್ರೇಮ್‌ಗೆ ಹೊಸ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ವೆಲ್ಡ್ ಮಾಡಬೇಕು. ಅದು ಸೊಟ್ಟಗೆ ಕೂತರೆ ಅಲೈನ್‌ಮೆಂಟ್ ಕಥೆ ಮುಗೀತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳೋದು ಯಾಕೆ?

ಮನೆಗೆ ಬಂದು ಜಾಕ್ ಏರಿಸಿ, ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದೆ. ಟಕ್ ಟಕ್ ಅಂತು. ಬೇರಿಂಗೋ ಕಿಂಗ್ ಪಿನ್ನೋ ತಿಳಿಯಬೇಕಲ್ಲ, ಹೆಂಡತಿಯನ್ನು ಒಳಗೆ ಕೂರಿಸಿ ಬ್ರೇಕ್ ತುಳಿಯಲು ಹೇಳಿದೆ. ಬೇರಿಂಗ್ ಸವೆದಿದ್ದರೆ ಬ್ರೇಕ್ ಹಿಡಿದಾಗ ಆಟ ನಿಲ್ಲಬೇಕಿತ್ತು, ಆದರೆ ಹಾಗೇ ಇತ್ತು. ಅಂದರೆ ಕಿಂಗ್ ಪಿನ್ ಸುತ್ತಲಿನ ಬುಷ್ (ಲೋಹದ ಕೊಳವೆ) ಸವೆದಿದೆ. (ಅವಳು, "ಇನ್ನೂ ಎಷ್ಟು ಹೊತ್ತು?" ಎಂದು ಮೂರು ಸಲ ಕೇಳಿದಳು.)

ಹೊಸ ಬುಷ್ ಹಾಕಿ, ಪಿನ್ ಸರಿಯಾಗಿ ಕೂರುವಂತೆ ರೀಮರ್ ಹೊಡೆಸಿ ತೂತು ಹದ ಮಾಡಿಸಿದೆ. ಸ್ಪ್ರಿಂಗ್ ಬಿಚ್ಚಿದರೆ ಪ್ಲೇಟುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ದಿಮ್ಮಿ! ನಿಜವಾದ ಕಳ್ಳ ಸಿಕ್ಕಿದ್ದು ಆಮೇಲೆ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬೆಣೆಯಂಥ ಒಂದು ತುಂಡು ಇರುತ್ತದೆ. ಅದರ ದಪ್ಪ ತುದಿ ಹಿಂದಕ್ಕಿದ್ದರೆ ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲುತ್ತದೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನೇ ನೆಟ್ಟಗಾಗುತ್ತದೆ. ಯಾರೋ ಪುಣ್ಯಾತ್ಮರು ಅದನ್ನು ಉಲ್ಟಾ ಹಾಕಿದ್ದರು.

ಅದನ್ನು ಸರಿ ಮಾಡಿದ ಮೇಲೆ ಈಗ 55 ಮೈಲಿ ವೇಗದಲ್ಲೂ ಗಾಡಿ ಗೆರೆ ಹೊಡೆದಂತೆ ಹೋಗುತ್ತದೆ. ಹಳ್ಳಕ್ಕೆ ಬಿದ್ದರೆ ಒದೆಯುತ್ತದೆ, ಅದು ಅದರ ಜಾಯಮಾನ. ಬ್ರೇಕ್ ವಿಷಯದಲ್ಲಿ ಮಾತ್ರ ನಾನು ಹಟ ಮಾಡಲಿಲ್ಲ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒತ್ತುವ ಹಳೇ ಮಾಸ್ಟರ್ ಸಿಲಿಂಡರ್‌ನಲ್ಲಿ ಇರೋದು ಒಂದೇ ಲೈನ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅದನ್ನು ತೆಗೆದು ಎರಡು ಲೈನಿನದು ಹಾಕಿಸಿದೆ, ಮುಂದೆ ಡಿಸ್ಕ್ ಬ್ರೇಕ್ ಕೂಡ. ಅದೇ ಹಳೇ ಆಕ್ಸಲ್ ಮೇಲೆ.

ನಿಮ್ಮ ಓದುಗ,
ಮಿಷಿಗನ್ (ಮೂಲ ಊರು ಅರಸೀಕೆರೆ)