ಗುಡ್ಡೆಯ ಕೇಪಳಕ್ಕೂ ಉದ್ಯಾನದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಉಡುಪಿ, ಮಂಗಳೂರುಗಳಲ್ಲಿ ಗಿಡ ನೆಡುವ ಓಡಾಟ ಶುರುವಾಗುತ್ತದೆ. ಜುಲೈ ತಿಂಗಳ ಮೊದಲ ವಾರದ ವನಮಹೋತ್ಸವ 1950ರಿಂದ ನಡೆದುಬಂದಿರುವ ಒಳ್ಳೆಯ ಪದ್ಧತಿ. ಆದರೆ ಅಲ್ಲಿ ನೆಡುವುದು ಹೆಚ್ಚಾಗಿ ಮರಗಳನ್ನು. ಹೂಗಿಡದ ಪ್ರಸ್ತಾಪ ಬಂದಾಗ ನಮ್ಮ ಕಣ್ಣು ನೇರವಾಗಿ ನರ್ಸರಿಯತ್ತ ಹೊರಳುತ್ತದೆ. ಅಮೆರಿಕ ಖಂಡದ ಮೂಲದ ಕಾಗದದ ಹೂ, ಡುರಾಂಟಾಗಳು ರಸ್ತೆ ವಿಭಜಕದಿಂದ ಹಿಡಿದು ಶಾಲೆಯ ಅಂಗಳದವರೆಗೆ ತುಂಬಿಕೊಳ್ಳುತ್ತವೆ. ನಮ್ಮದೇ ಗುಡ್ಡೆಗಳಲ್ಲಿ, ಮುರಕಲ್ಲಿನ ಸಂದಿಯಲ್ಲಿ, ಯಾರೂ ನೀರು ಹಾಕದೆ, ಗೊಬ್ಬರ ಕೊಡದೆ ವರ್ಷದ ಬಹುಪಾಲು ಕೆಂಪಾಗಿ ಅರಳಿ ನಿಲ್ಲುವ ಕೇಪಳವನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಪತ್ರ ಬರೆಯಲು ಕಾರಣವಾದ ಸಂಗತಿ ಚಿಕ್ಕದು. ನಾನು ಉಡುಪಿಯ ಹೊರವಲಯದ ಒಂದು ಬಡಾವಣೆಯಲ್ಲಿ ವಾಸವಾಗಿದ್ದೇನೆ. ಗುಡ್ಡೆ ತಗ್ಗಿಸಿ ನಿವೇಶನ ಮಾಡಿದಾಗ ಉದ್ಯಾನದ ಪಕ್ಕದಲ್ಲಿ ಒಂದು ದರೆ ಹಾಗೆಯೇ ಉಳಿದುಕೊಂಡಿತ್ತು, ಅದರ ನೆತ್ತಿಯುದ್ದಕ್ಕೂ ಆಳೆತ್ತರದ ಕೇಪಳದ ಸಾಲಿತ್ತು. ಕಳೆದ ವರ್ಷ ಸುಂದರೀಕರಣದ ಹೆಸರಿನಲ್ಲಿ ಜೆಸಿಬಿ ಬಂದು ಒಂದೇ ಬೆಳಿಗ್ಗೆಯಲ್ಲಿ ದರೆಯನ್ನೂ ಕೇಪಳವನ್ನೂ ತೆಗೆದುಹಾಕಿತು. ಈಗ ಅಲ್ಲಿ ಕಾಂಕ್ರೀಟ್ ಗೋಡೆ, ಗೋಡೆಗೆ ಒತ್ತಿಕೊಂಡು ಕುಳ್ಳ ತಳಿಯ ಇಕ್ಸೋರಾ, ಅಂದರೆ ನರ್ಸರಿಯ ಕೇಪಳ. ಕೆಲಸ ಮಾಡಿಸಿದವರನ್ನು ವಿಚಾರಿಸಿದಾಗ, “ಅದು ಕಾಡುಗಿಡ ಅಲ್ವಾ, ಇದೂ ಅದೇ ಜಾತಿ, ನೋಡ್ಲಿಕ್ಕೆ ನೀಟಾಗಿದೆ” ಎಂಬ ಉತ್ತರ ಬಂತು. ಅದೇ ಜಾತಿಯ ನೆಂಟ ಎನ್ನುವುದೇನೋ ಸರಿ. ಆದರೆ ತಿಂಗಳಿಗೊಮ್ಮೆ ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುವುದರಿಂದ ಆ ಸಾಲಿನಲ್ಲಿ ಹೂವನ್ನು ಹುಡುಕಬೇಕಾಗಿದೆ. ಕೇಪಳದ ಗೊಂಚಲು ಮೂಡುವುದು ಚಿಗುರಿನ ತುದಿಯಲ್ಲಿ. ತುದಿಯನ್ನೇ ಸವರುತ್ತಿದ್ದರೆ ಹೂ ಬರುವುದಾದರೂ ಎಲ್ಲಿಂದ?

ಕೇಪಳದ ಒಂದು ಹೂವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದು ಯಾರಿಗಾಗಿ ಅರಳಿದೆ ಎಂಬುದು ತಿಳಿಯುತ್ತದೆ. ಮೇಲೆ ನಾಲ್ಕೇ ಎಸಳು, ಕೆಳಗೆ ಮೂರು ಸೆಂಟಿಮೀಟರಿನಷ್ಟು ಉದ್ದದ, ದಾರಕ್ಕಿಂತ ತುಸು ದಪ್ಪದ ಕೊಳವೆ, ಕೊಳವೆಯ ಬುಡದಲ್ಲಿ ಒಂದು ಹನಿ ಮಕರಂದ. ಬಾಲ್ಯದಲ್ಲಿ ಆ ಕೊಳವೆಯ ನಡುವಿನ ನೂಲನ್ನು ಮೆಲ್ಲಗೆ ಎಳೆದು, ತುದಿಯ ಸಿಹಿಯನ್ನು ಚೀಪದವರು ಈ ಊರಿನಲ್ಲಿ ಕಡಿಮೆ. ಆ ನೂಲೇ ಹೂವಿನ ಶಲಾಕೆ, ಅಂದರೆ ಅದರ ಹೆಣ್ಣು ಭಾಗ. ಮೊಗ್ಗು ಬಿರಿಯುವ ಮೊದಲೇ ಪರಾಗವು ಅದರ ತುದಿಗೆ ಮೆತ್ತಿಕೊಂಡಿರುತ್ತದೆ, ಹೂ ಅರಳಿದಾಗ ಅದು ಕೊಳವೆಯ ಬಾಯಿಯಿಂದ ಹೊರಗೆ ಚಾಚಿ ನಿಲ್ಲುತ್ತದೆ. ಮಕರಂದಕ್ಕಾಗಿ ಸೊಂಡಿಲು ಇಳಿಸಿದ ಚಿಟ್ಟೆಯ ಮುಖಕ್ಕೆ ಪರಾಗ ತಗಲುತ್ತದೆ. ಆಮೇಲಷ್ಟೇ ಆ ತುದಿ ಎರಡಾಗಿ ಸೀಳಿ, ಬೇರೆ ಹೂವಿನಿಂದ ಬಂದ ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತದೆ. ಕೊಡುವ ಕೆಲಸ ಮೊದಲು, ಪಡೆಯುವ ಕೆಲಸ ಅನಂತರ ಎಂಬ ಈ ಏರ್ಪಾಡಿನಿಂದ ಹೂವು ತನ್ನದೇ ಪರಾಗದಲ್ಲಿ ಬೀಜ ಕಟ್ಟುವುದು ಕಡಿಮೆಯಾಗುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಇಕ್ಸೋರಾ ಕಾಕ್ಸಿನಿಯಾ ಎಂದು ಹೆಸರಿಟ್ಟ. ಇಕ್ಸೋರಾ ಎಂಬುದು ನಮ್ಮ ‘ಈಶ್ವರ’ ಪದವೇ ಪೋರ್ಚುಗೀಸರ ಬಾಯಲ್ಲಿ ತಿರುಗಿದ ರೂಪವೆನ್ನುತ್ತಾರೆ. ದೇವಿಗೂ ದೈವಗಳಿಗೂ ಕೇಪಳ ಏರಿಸುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ದರೆಯ ಮೇಲೆ ಕೇಪಳವಿದ್ದಾಗ ಬೆಳಿಗ್ಗೆ ಎಂಟು ಗಂಟೆಯ ಬಿಸಿಲಿಗೆ ಅಲ್ಲಿ ಗೊಂಚಲಿಗೊಂದರಂತೆ ಚಿಟ್ಟೆಗಳು ತೂಗಾಡುತ್ತಿದ್ದವು. ನಮ್ಮ ರಾಜ್ಯದ ಚಿಟ್ಟೆಯೆಂದು ಗುರುತಿಸಲಾಗಿರುವ ಸದರ್ನ್ ಬರ್ಡ್‌ವಿಂಗ್, ಅಂಗೈಯಷ್ಟು ಅಗಲದ ಕಪ್ಪು ಮತ್ತು ಹಳದಿ ರೆಕ್ಕೆಗಳನ್ನು ಬಡಿಯುತ್ತಾ, ಕುಳಿತೂ ಕುಳಿತುಕೊಳ್ಳದಂತೆ ಮಕರಂದ ಹೀರುವುದನ್ನು ನಾನು ಮೊದಲು ಕಂಡದ್ದು ಯಾವ ಅಭಯಾರಣ್ಯದಲ್ಲೂ ಅಲ್ಲ, ಆ ದರೆಯಲ್ಲೇ. ನೀಲಿ ಮಾರ್ಮನ್, ಕ್ರಿಮ್ಸನ್ ರೋಸ್ ಚಿಟ್ಟೆಗಳು ಬರುತ್ತಿದ್ದವು, ಸೂರಕ್ಕಿಯೂ ಬರುತ್ತಿತ್ತು. ಹಣ್ಣು ಕಪ್ಪುಗೆಂಪಾದಾಗ ಪಿಕಳಾರಗಳ ಸರದಿ. ಮಕ್ಕಳಿಗೂ ಪಾಲಿತ್ತೆನ್ನಿ.

ಆದರೆ ಹೂವೊಂದನ್ನೇ ನೆಟ್ಟು ಚಿಟ್ಟೆಯನ್ನು ಕಾಯುವುದು, ಮಗುವಿಗೆ ಜಾಗ ಕೊಡದೆ ತಾಯಿಯನ್ನಷ್ಟೇ ಊಟಕ್ಕೆ ಕರೆದ ಹಾಗೆ. ಚಿಟ್ಟೆಯ ಮರಿಹುಳು ತನ್ನ ಜಾತಿಗೆ ಒಗ್ಗಿದ ಎಲೆಯನ್ನಲ್ಲದೆ ಬೇರೆ ತಿನ್ನುವುದಿಲ್ಲ. ಬರ್ಡ್‌ವಿಂಗ್ ಮತ್ತು ಕ್ರಿಮ್ಸನ್ ರೋಸ್‌ಗಳಿಗೆ ಬೇಕಾದದ್ದು ಈಶ್ವರಬಳ್ಳಿಯ ಎಲೆ, ಮಾರ್ಮನ್‌ಗಳಿಗೆ ನಿಂಬೆಯ ಬಳಗದ ಗಿಡಗಳು. ಹಿತ್ತಿಲಿನ ಕರಿಬೇವಿನ ಎಲೆಯನ್ನು ಹುಳು ತಿಂದಿತೆಂದು ಔಷಧಿ ಸಿಂಪಡಿಸುವವರು, ಅದು ಹೆಚ್ಚಾಗಿ ಸಾಮಾನ್ಯ ಮಾರ್ಮನ್‌ನ ಮರಿಯೆಂದು ತಿಳಿದರೆ ಎರಡು ರೆಂಬೆಯನ್ನು ಬಿಟ್ಟುಕೊಟ್ಟಾರು. ಈಶ್ವರಬಳ್ಳಿಯ ಬಗ್ಗೆ ಒಂದು ಎಚ್ಚರಿಕೆಯ ಮಾತು: ಅದರಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡುವ ವಿಷಾಂಶವಿದೆ. ಹುಳುವಿಗೆ ಅದೇ ವಿಷ ರಕ್ಷಣೆ. ನಾವು ಅದನ್ನು ಮನೆಮದ್ದೆಂದು ಅರೆದು ಕುಡಿಯಬಾರದು.

ಪರಾಗಸ್ಪರ್ಶವೆಂದರೆ ಜೇನೊಂದೇ ನೆನಪಾಗುವವರಿಗೆ ಕೇಪಳ ನಿರಾಶೆ ಮಾಡಬಹುದು. ತುಡುವೆ ಜೇನಿನ ನಾಲಗೆಗೆ ಅಷ್ಟು ಆಳದ ಕೊಳವೆಯ ಬುಡ ಎಟುಕುವುದಿಲ್ಲ. ತುಡುವೆ, ಮುಜಂಟಿ ಜೇನುಗಳಿಗಾಗಿ ತುಳಸಿಯ ನಾಲ್ಕು ಗಿಡಗಳನ್ನು ಕದಿರು ಚಿವುಟದೆ ಹೂ ಬಿಡಲು ಬಿಟ್ಟರೆ ಸಾಕು. ಗುಡ್ಡೆಯ ಇನ್ನೊಂದು ಬಹುವಾರ್ಷಿಕ ಗಿಡ, ಹಣ್ಣು ತಿಂದರೆ ನಾಲಗೆ ಕಪ್ಪಾಗುವ ನೆಕ್ಕರಿಕ, ಮಕರಂದವನ್ನೇ ಕೊಡುವುದಿಲ್ಲ. ಕಪ್ಪು ದುಂಬಿ ಅದರ ಕೇಸರಗಳನ್ನು ಅಪ್ಪಿ ಗುಂಯ್‌ಗುಟ್ಟಿದಾಗ ಮಾತ್ರ ತುದಿಯ ರಂಧ್ರದಿಂದ ಪರಾಗ ಉದುರುತ್ತದೆ. ನಮ್ಮ ಹೆಮ್ಮೆಯ ಶಂಕರಪುರ ಮಲ್ಲಿಗೆಯನ್ನಾದರೋ ಮೊಗ್ಗಿನಲ್ಲೇ ಕೊಯ್ದುಬಿಡುತ್ತೇವೆ. ಅದು ಮುಡಿಗೆ ಸಲ್ಲುವ ಹೂ, ಕೀಟಗಳಿಗೆ ದಕ್ಕುವುದು ಕಡಿಮೆ.

ಕೇಪಳ ಬೆಳೆಸುವುದು ಕಷ್ಟವಲ್ಲ, ಆದರೆ ಅದರ ಸ್ವಭಾವ ತಿಳಿದಿರಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯ ಕೆಂಪು ಮಣ್ಣಿನಲ್ಲಿ ಸುಣ್ಣದ ಅಂಶ ತೊಳೆದುಹೋಗಿ ಹುಳಿ ಗುಣ ಉಳಿದಿರುತ್ತದೆ. ಕೇಪಳಕ್ಕೆ ಬೇಕಾದದ್ದು ಅದೇ. ಕಾಂಕ್ರೀಟ್ ಗೋಡೆಗೆ ತಾಗಿಸಿ ನೆಟ್ಟರೆ ಸಿಮೆಂಟಿನ ಸುಣ್ಣ ಮಣ್ಣಿಗಿಳಿದು, ಬೇರಿಗೆ ಕಬ್ಬಿಣ ದಕ್ಕದೆ, ನರ ಮಾತ್ರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ. ನಮ್ಮ ಉದ್ಯಾನದ ಹೊಸ ಸಾಲಿಗೆ ಈಗ ಆಗಿರುವುದೂ ಇದೇ. ಯೂರಿಯಾ ಹಾಕಿ ನೋಡಿದ್ದಾರೆ, ಗುಣವಾಗಿಲ್ಲ. ಗೋಡೆಯಿಂದ ಒಂದೆರಡು ಅಡಿಯಾದರೂ ದೂರವಿರಬೇಕು. ಜೂನ್ ತಿಂಗಳ ಮೊದಲ ಮಳೆಗೆ, ಪೂರ್ತಿ ಬಲಿಯದ, ಪೆನ್ಸಿಲ್ ದಪ್ಪದ, ಗೇಣಿಗಿಂತ ತುಸು ಕಡಿಮೆ ಉದ್ದದ ಗೆಲ್ಲನ್ನು ಗಂಟಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಹೊಯ್ಗೆ ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಿನಲ್ಲಿಟ್ಟರೆ ಒಂದೆರಡು ತಿಂಗಳಲ್ಲಿ ಬೇರು ಬರುತ್ತದೆ. ಗುಡ್ಡೆಯ ದೊಡ್ಡ ಗಿಡವನ್ನು ಬುಡಸಮೇತ ಕಿತ್ತು ತರುವ ಉತ್ಸಾಹ ಬೇಡ. ಕಲ್ಲಿನ ಸಂದಿಯ ಬೇರು ಹರಿದು ಗಿಡ ಸಾಯುವುದೇ ಹೆಚ್ಚು. ಮೊದಲ ಬೇಸಗೆಯಲ್ಲಿ ನೀರು ಬೇಕು, ಆಮೇಲೆ ಅದರ ಪಾಡಿಗೆ ಬಿಡಬಹುದು. ಕತ್ತರಿ ಹಾಕುವುದಾದರೆ ವರ್ಷಕ್ಕೊಮ್ಮೆ, ಹೂವಿನ ಭರ ಇಳಿದ ಮೇಲೆ.

ಹೆದ್ದಾರಿಯ ವಿಭಜಕಗಳಲ್ಲೂ ಕೇಪಳ ನೆಡಬೇಕೆಂದು ನಾನು ಕೇಳುವುದಿಲ್ಲ. ಚಿಟ್ಟೆಗಳನ್ನು ಕರೆದು ವಾಹನಗಳ ಗಾಜಿಗೆ ಬಡಿಸಿದಂತಾದೀತು. ಅಲ್ಲಿ ಕಾಗದದ ಹೂವೇ ಇರಲಿ. ಆದರೆ ಬಡಾವಣೆಗಳ ಉದ್ಯಾನ, ಶಾಲೆಗಳ ಅಂಗಳ, ಸರಕಾರಿ ಕಚೇರಿಗಳ ಹಿತ್ತಿಲು, ಸಿಮೆಂಟ್ ಕಾಣದೆ ಉಳಿದಿರುವ ನಾಗಬನಗಳ ಅಂಚು, ಇಲ್ಲೆಲ್ಲ ಕೇಪಳಕ್ಕೆ ಜಾಗವಿದೆ. ಅರಣ್ಯ ಇಲಾಖೆಯ ನರ್ಸರಿಗಳು ಮರಗಳ ಸಸಿಗಳ ಜತೆಗೆ ಇದನ್ನೂ ಬೆಳೆಸಿ ವಿತರಿಸಬೇಕು ಮತ್ತು ಉದ್ಯಾನ ನಿರ್ವಹಣೆಯ ಗುತ್ತಿಗೆ ಕೊಡುವಾಗ ಸ್ಥಳೀಯ ಸಂಸ್ಥೆಗಳು ಇಂಥ ಸಾಲುಗಳನ್ನು ತಿಂಗಳಿಗೊಮ್ಮೆ ಸವರಕೂಡದೆಂಬ ಷರತ್ತನ್ನು ಸೇರಿಸಬೇಕು ಎಂಬುದು ನನ್ನ ವಿನಂತಿ.

ಜೆಸಿಬಿ ಬಂದ ದಿನ ಮಣ್ಣಿನ ರಾಶಿಯಿಂದ ಆರಿಸಿಕೊಂಡ ಗೆಲ್ಲುಗಳಲ್ಲಿ ಇಪ್ಪತ್ತೆರಡು ನನ್ನ ಹಿತ್ತಿಲಿನ ತೊಟ್ಟೆಗಳಲ್ಲಿ ಬೇರು ಬಿಟ್ಟು ಈಗ ಎರಡನೆಯ ಚಿಗುರಿನಲ್ಲಿವೆ. ಈ ಮಳೆಗೆ ಅವುಗಳನ್ನು ಬಡಾವಣೆಯ ಉದ್ಯಾನಕ್ಕೆ ಉಚಿತವಾಗಿ ಕೊಡಲು ಸಿದ್ಧನಿದ್ದೇನೆ. ಗೋಡೆಯಿಂದ ಎರಡಡಿ ಈಚೆ ನೆಡಲು ಅವಕಾಶ ಸಿಕ್ಕರೆ ಗುಂಡಿಯನ್ನೂ ನಾನೇ ತೋಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಉಡುಪಿ